ಚೀಟಿ ಕಳಿಸಿದವರು ಯಾರು?

ಕಳೆದ ಅಕ್ಟೋಬರ್ ಕೊನೆಯ ವಾರ ನಮ್ಮ ಸೂಲಿಬೆಲೆಯಲ್ಲಿ ರಾಜ್ಯೋತ್ಸವದ ಪೂರ್ವಭಾವಿ ಸಭೆ ಸೇರಿತ್ತು. ಹತ್ತು ಹನ್ನೆರಡು ಜನ, ಪ್ಲಾಸ್ಟಿಕ್ ಕುರ್ಚಿಗಳು, ಬೋಂಡಾ, ಟೀ. ಶಾಮಿಯಾನ ಯಾರದು, ಬಾವುಟ ಹಾರಿಸುವವರು ಯಾರು, ಮಕ್ಕಳಿಗೆ ಸಿಹಿ ಏನು ಕೊಡುವುದು ಎಂದೆಲ್ಲ ಮಾತಾದ ಮೇಲೆ ನಾಡಗೀತೆಯ ವಿಷಯ ಬಂತು. ನಾಲ್ಕು ವರ್ಷದಿಂದ ಅದನ್ನು ನಮ್ಮೂರಿನ ಒಬ್ಬ ಹುಡುಗಿಯೇ ಹಾಡುತ್ತಿದ್ದಳು. ಒಳ್ಳೆಯ ಕಂಠ, ಸ್ಪಷ್ಟ ಉಚ್ಚಾರ. ಭಾವಗೀತೆ ಹಾಡಿದರೆ ಸುಮ್ಮನೆ ಕೂತು ಕೇಳಬೇಕು ಅನ್ನಿಸುವಂಥ ಹುಡುಗಿ.

"ಈ ಸಲ ಆ ಹುಡ್ಗಿ ಬ್ಯಾಡ ಬಿಡಿ" ಎಂದರು ಹಿರಿಯರೊಬ್ಬರು.

ಯಾಕೆ ಎಂದು ಯಾರೂ ಕೇಳಲಿಲ್ಲ. ಎಲ್ಲರ ಮೊಬೈಲಿನಲ್ಲೂ ಆ ವಿಡಿಯೊ ಇತ್ತು. ಗಣೇಶನ ಹಬ್ಬಕ್ಕೆ ಪಕ್ಕದ ತಾಲ್ಲೂಕಿನಲ್ಲಿ ನಡೆದ ರಸಮಂಜರಿಯಲ್ಲಿ ಅವಳು ಮಿಂಚುವ ಗಿಡ್ಡ ಲಂಗ ತೊಟ್ಟು ಈಗಿನ ಸಿನಿಮಾದ ಒಂದು ಐಟಂ ಸಾಂಗ್ ಹಾಡಿದ್ದಳು, ಹಾಡುತ್ತಲೇ ಕುಣಿದಿದ್ದಳು. ಎರಡು ನಿಮಿಷದ ತುಣುಕು.

"ಮೊದ್ಲು ಎಷ್ಟು ಚೆನ್ನಾಗಿದ್ಲು. ಹೆಂಗೆ ಹಾಳಾದ್ಲು ನೋಡಿ" ಎಂದರು ಇನ್ನೊಬ್ಬರು. ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ನಿಮ್ಮ ಸ್ಟೂಡೆಂಟೇ ಅಲ್ವಾ ಅವಳು? ನೀವೇನಂತೀರಿ?" ಎಂದು ಕೇಳಿದರು.

ನನ್ನ ಬಾಯಲ್ಲಿ ಬೋಂಡಾ ಇತ್ತು. "ನೀವು ಹೇಳಿದ ಹಾಗೇ ಆಗಲಿ" ಎಂದುಬಿಟ್ಟೆ.

ಆ ಮಾತಿಗೆ ನನಗೆ ಈಗಲೂ ನಾಚಿಕೆಯಾಗುತ್ತದೆ. ಅವತ್ತು ಸಭೆಯಲ್ಲಿ ಹೇಳಬೇಕಾಗಿದ್ದನ್ನು ಈಗ ಬರೆಯುತ್ತಿದ್ದೇನೆ. ತಡವಾಗಿದೆ ಎಂದು ಗೊತ್ತು.

ಹಾಡುವ ಹೆಣ್ಣುಮಗಳು ಸೀರೆಯಿಂದ ಲಂಗಕ್ಕೆ, ಭಕ್ತಿಗೀತೆಯಿಂದ ಐಟಂ ಸಾಂಗಿಗೆ ಬಂದರೆ ನಾವು ಅದನ್ನು ಬದಲಾವಣೆ ಎನ್ನುವುದಿಲ್ಲ, ಪತನ ಎನ್ನುತ್ತೇವೆ. ಮೊದಲು ಮೇಲಿದ್ದಳು, ಈಗ ಕೆಳಗೆ ಬಿದ್ದಳು, ಬಿದ್ದವಳು ಅವಳೊಬ್ಬಳೇ. ಈ ಲೆಕ್ಕ ಸುಳ್ಳು ಎನ್ನುವುದು ನನ್ನ ವಾದ. ಸುಳ್ಳು ಎಂದು ನನಗೆ ಗೊತ್ತಾದದ್ದು ಪುಸ್ತಕ ಓದಿ ಅಲ್ಲ, ಚೀಟಿ ಹೊತ್ತು.

1991ರ ಗಣೇಶನ ಹಬ್ಬ. ನಾನಾಗ ಎರಡನೇ ಪಿಯುಸಿ. ನಮ್ಮ ಬೀದಿಯ ಹುಡುಗರು ಐದನೆಯ ದಿನಕ್ಕೆ ಆರ್ಕೆಸ್ಟ್ರಾ ಕರೆಸಿದ್ದರು. ನನಗೆ ಸಿಕ್ಕ ಕೆಲಸ ಚೀಟಿ ಸಾಗಿಸುವುದು. ಜನ ತಮಗೆ ಬೇಕಾದ ಹಾಡಿನ ಹೆಸರು ಬರೆದು, ಜೊತೆಗೆ ಐದೋ ಹತ್ತೋ ರೂಪಾಯಿಯ ನೋಟಿಗೆ ಗುಂಡುಪಿನ್ನು ಚುಚ್ಚಿ ಕೊಡುತ್ತಿದ್ದರು. ಅದನ್ನು ವೇದಿಕೆಯ ಪಕ್ಕದಿಂದ ಹತ್ತಿ ಆರ್ಕೆಸ್ಟ್ರಾದವರಿಗೆ ಮುಟ್ಟಿಸುವವನು ನಾನು.

ರಾತ್ರಿ ಒಂಬತ್ತಕ್ಕೆ ಗಾಯಕಿ ವೇದಿಕೆಗೆ ಬಂದರು. ಇಪ್ಪತ್ತೆರಡು ಇಪ್ಪತ್ಮೂರರ ವಯಸ್ಸು, ಮೈತುಂಬ ಸೀರೆ, ಜಡೆಗೆ ಕನಕಾಂಬರ. ಎಸ್. ಜಾನಕಿ ಹಾಡಿದ ಆ ಗಣಪತಿಯ ಹಾಡನ್ನೇ ಮೊದಲು ಹಾಡಿದರು. ನಮ್ಮ ಕಡೆ ಅದಿಲ್ಲದೆ ಯಾವ ಆರ್ಕೆಸ್ಟ್ರಾವೂ ಶುರುವಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿಯೊಬ್ಬರು ಕೈ ಮುಗಿದರು. ಹನ್ನೊಂದರ ಹೊತ್ತಿಗೆ ಹೆಂಗಸರು, ಮಕ್ಕಳು ಎದ್ದು ಮನೆಗೆ ಹೋದರು. ಅಲ್ಲಿಂದ ಬರುವ ಚೀಟಿಗಳೇ ಬೇರೆಯಾದವು. 1989ರಲ್ಲಿ ಬಂದಿದ್ದ 'ನಂಜುಂಡಿ ಕಲ್ಯಾಣ'ದ ಗುಂಡಿನ ಹಾಡು ಆಗ ಎಲ್ಲರ ಬಾಯಲ್ಲೂ ಇತ್ತು. ನಾಯಕಿ ಕುಡಿದು ಹಾಡುವ ಹಾಡು. ಒಂದರ ಹಿಂದೆ ಒಂದು ಅದೇ ಹಾಡಿನ ಚೀಟಿ. ಕೆಲವದರಲ್ಲಿ ಹಾಡಿನ ಹೆಸರಿನ ಕೆಳಗೆ "ಡ್ಯಾನ್ಸ್ ಸಮೇತ" ಎಂದು ಗೆರೆ ಎಳೆದು ಬರೆದಿದ್ದರು.

ವೇದಿಕೆಯ ಹಿಂದೆ ನೀರು ಕುಡಿಯುತ್ತಿದ್ದ ಆಕೆ ನನ್ನನ್ನು ಕೇಳಿದರು: "ಎಷ್ಟು ಬಂದವೆ ತಮ್ಮಾ?"

"ಅದೇ ಹಾಡಿಗೆ ಹನ್ನೊಂದು, ಅಕ್ಕಾ."

"ಸರಿ, ಬಟ್ಟೆ ಬದಲಾಯ್ಸಿ ಬರ್ತೀನಿ."

ಅಷ್ಟೇ. ಅವರ ಮುಖದಲ್ಲಿ ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ. ಕೆಲಸ. ಹಾಡು ಮುಗಿದಾಗ ಶಿಳ್ಳೆಯ ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕಾಯಿತು. ಮಾರನೆಯ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅದೇ ಜನ ಇಡ್ಲಿ ತಿನ್ನುತ್ತ ಆಕೆಯ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಆ ಮಾತಾಡಿದವರಲ್ಲಿ ಮೂರು ಜನರ ಚೀಟಿ ನನ್ನ ಕೈಯಿಂದಲೇ ಹೋಗಿತ್ತು. ಅವರಲ್ಲಿ ಒಬ್ಬರು ಕಳೆದ ವರ್ಷದ ಸಭೆಯಲ್ಲೂ ಇದ್ದರು.

ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸಿ. ಪತ್ರಿಕೆಗಳು ಯಾವುದೋ ದೊಡ್ಡ ಗಾಯಕಿಯ ವಿಷಯದಲ್ಲಿ "ಐದು ವರ್ಷದಲ್ಲಿ ಎಷ್ಟು ಬದಲಾದಳು" ಎಂದು ಬರೆಯುವ ಪಯಣವನ್ನು ನಮ್ಮೂರ ಆರ್ಕೆಸ್ಟ್ರಾ ಗಾಯಕಿ ಮೂರೇ ಗಂಟೆಯಲ್ಲಿ, ಪ್ರತಿ ರಾತ್ರಿ ಮುಗಿಸುತ್ತಾಳೆ. ಒಂಬತ್ತಕ್ಕೆ ದೇವರ ಮಗಳು, ಹನ್ನೆರಡಕ್ಕೆ ಬಜಾರಿ. ನಡುವೆ ಅವಳ ಶೀಲದಲ್ಲಿ ಏನೂ ಆಗಿರುವುದಿಲ್ಲ. ಆಗಿರುವುದು ಇಷ್ಟೇ: ಚೀಟಿ ಬಂದಿರುತ್ತದೆ.

ಹಾಗಾದರೆ ಇದು ಈಗಿನ ಕಾಲದ ಕೇಡೇ? ಎಲ್.ಆರ್. ಈಶ್ವರಿಯವರನ್ನು ನೆನಪಿಸಿಕೊಳ್ಳಿ. 1970ರ 'ಪರೋಪಕಾರಿ', 1971ರ 'ಸಂಶಯ ಫಲ' ಚಿತ್ರಗಳಲ್ಲಿ ಅವರು ಹಾಡಿದ ಹಾಡುಗಳು ಇವತ್ತಿಗೂ ಮದುವೆ ಮನೆಯ ಆರ್ಕೆಸ್ಟ್ರಾಗಳಲ್ಲಿ ಬೇಡಿಕೆಯ ಹಾಡುಗಳು. ಕಣ್ಣು ಹೊಡೆಯುವ ದನಿ ಎಂದರೆ ಅದು. ಅದೇ ಈಶ್ವರಿ ಹಾಡಿದ ಅಮ್ಮನ ಹಾಡುಗಳು ಆಷಾಢ ಬಂತೆಂದರೆ ಬೆಂಗಳೂರಿನ ಮಾರಮ್ಮನ ಗುಡಿಗಳ ಮೈಕಿನಲ್ಲಿ ಮೊಳಗುತ್ತವೆ. ಆಕೆ ಹುಟ್ಟಿದ್ದು ಕ್ಯಾಥೊಲಿಕ್ ಕುಟುಂಬದಲ್ಲಿ. ಮಾರಮ್ಮನಿಗೆ ಅದರಿಂದ ತೊಂದರೆಯಾದ ಹಾಗೆ ಕಾಣಲಿಲ್ಲ. ಕ್ಯಾಬರೆ ಹಾಡಿದ ಬಾಯಿ ಎಂದು ಗುಡಿಯ ಮೈಕು ಬಂದ್ ಆಗಲೂ ಇಲ್ಲ. ದೇವಿಗಿಲ್ಲದ ಮಡಿ ನಮ್ಮ ಸಮಿತಿಗೆ ಎಲ್ಲಿಂದ ಬಂತು?

ಆ ಗುಂಡಿನ ಹಾಡನ್ನು ಸಿನಿಮಾದಲ್ಲಿ ಹಾಡಿದವರು ಮಂಜುಳಾ ಗುರುರಾಜ್. ಅವರ ಭಕ್ತಿಗೀತೆಗಳ ಕ್ಯಾಸೆಟ್ ಶುಕ್ರವಾರ ಬೆಳಿಗ್ಗೆ ನಮ್ಮಮ್ಮ ಬಾಗಿಲಿಗೆ ರಂಗೋಲಿ ಹಾಕುವ ಹೊತ್ತಿಗೆ ಟೇಪ್ ರೆಕಾರ್ಡರಿನಲ್ಲಿ ಓಡುತ್ತಿತ್ತು. ಅಮ್ಮನಿಗೆ ಎರಡೂ ಒಬ್ಬರೇ ಹಾಡಿದ್ದು ಎಂದು ಗೊತ್ತಿತ್ತು. "ಎಂಥಾ ಗಂಟಲು ನೋಡು" ಎನ್ನುತ್ತಿದ್ದರು. ಓದು ಬರಹ ಅಷ್ಟಾಗಿ ಇಲ್ಲದ ನಮ್ಮಮ್ಮನಿಗೆ ತಿಳಿದದ್ದು, ಎಂ.ಎ. ಮಾಡಿದ ನನಗೆ ಸಭೆಯಲ್ಲಿ ಬಾಯಿಗೆ ಬರಲಿಲ್ಲ.

ಇನ್ನು ಗಂಡಸರ ವಿಷಯ. ಗಣಪತಿಯ ಹಾಡಿನ ಜಾನಕಿಯವರೇ 1982ರ 'ಸಕಲಕಲಾ ವಲ್ಲವನ್' ಎಂಬ ತಮಿಳು ಚಿತ್ರದಲ್ಲಿ ಒಂದು ಹಾಡು ಹಾಡಿದ್ದಾರೆ. ಸಿಲ್ಕ್ ಸ್ಮಿತಾ ಕುಣಿದ ಆ ಹಾಡಿನಲ್ಲಿ ಮಾತಿಗಿಂತ ನರಳಿಕೆಯೇ ಹೆಚ್ಚು ಎಂದು ಅನೇಕರು ಮೂಗು ಮುರಿದಿದ್ದನ್ನು ಕೇಳಿದ್ದೇನೆ. ಅದು ಯುಗಳ ಗೀತೆ. ಜೊತೆಗೆ ಹಾಡಿದವರು ಎಸ್.ಪಿ. ಬಾಲಸುಬ್ರಹ್ಮಣ್ಯಂ. ಅದೇ ಎಸ್.ಪಿ.ಬಿ. 'ಎದೆ ತುಂಬಿ ಹಾಡುವೆನು' ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಕ್ಕರೆಯಿಂದ ಪಾಠ ಹೇಳುವಾಗ ನಾವೆಲ್ಲ ಮನೆಮಂದಿ ಕೂತು ನೋಡಿದೆವು. ಅವರ ಬಗ್ಗೆ "ಮೊದಲು ಚೆನ್ನಾಗಿದ್ದರು, ಹಾಳಾದರು" ಎಂದು ಯಾರೂ ಅನ್ನಲಿಲ್ಲ. ಅನ್ನಲೂ ಬಾರದು. ನಾನು ಅವರನ್ನು ದೂರುತ್ತಿಲ್ಲ, ಅವರ ಅಭಿಮಾನಿ ನಾನು. ಕೇಳುತ್ತಿರುವುದು ಇಷ್ಟೇ: ಇಬ್ಬರು ಒಂದೇ ಹಾಡು ಹಾಡಿದರೆ ಗಂಡಸಿನ ಲೆಕ್ಕಕ್ಕೆ ಕಲೆ, ಹೆಂಗಸಿನ ಲೆಕ್ಕಕ್ಕೆ ಚಾರಿತ್ರ್ಯ ಹೇಗಾಗುತ್ತದೆ? ಬರೆದವನನ್ನು, ರಾಗ ಹಾಕಿದವನನ್ನು, ಹಣ ಹೂಡಿದವನನ್ನು ಯಾವ ಊರಿನ ಯಾವ ಸಭೆ ಪ್ರಶ್ನೆ ಮಾಡಿದೆ?

ಈ ಪ್ರಶ್ನೆಯನ್ನು ನೂರು ವರ್ಷಕ್ಕೂ ಹಿಂದೆ ನಮ್ಮದೇ ನಾಡಿನ ಗಾಯಕಿಯೊಬ್ಬರು ಕೇಳಿದ್ದರು. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿಯ ಮಗಳಾಗಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮ. ತಂಜಾವೂರಿನ ಆಸ್ಥಾನದಲ್ಲಿದ್ದ ಮುದ್ದುಪಳನಿ ಎಂಬ ಕವಯಿತ್ರಿ ಹದಿನೆಂಟನೇ ಶತಮಾನದಲ್ಲಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಿದ್ದಳು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ ಆಡುವ ನಮ್ಮ ಕಡೆಯವರಿಗೆ ಇದು ದೂರದ ಕಥೆಯಲ್ಲ. ವಿಧವಾ ವಿವಾಹಕ್ಕಾಗಿ ಹೋರಾಡಿದ ದೊಡ್ಡ ಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ ಆ ಕಾವ್ಯವನ್ನು, ಅದನ್ನು ಬರೆದವಳನ್ನು ಹೀಗಳೆದಿದ್ದರು. ನಾಗರತ್ನಮ್ಮ 1910ರಲ್ಲಿ ಪೂರ್ತಿ ಕಾವ್ಯವನ್ನು ಅಚ್ಚು ಹಾಕಿಸಿದರು. ನಾಚಿಕೆ ಎನ್ನುವುದು ಹೆಂಗಸರಿಗೆ ಮಾತ್ರವೇ, ಗಂಡಸರಿಗೆ ಇಲ್ಲವೇ ಎಂದು ಮುನ್ನುಡಿಯಲ್ಲೇ ಕೇಳಿದರು. ಬ್ರಿಟಿಷ್ ಸರ್ಕಾರ ಪುಸ್ತಕವನ್ನು ಅಶ್ಲೀಲವೆಂದು ನಿಷೇಧಿಸಿತು. ಆ ನಿಷೇಧ ತೆರವಾಗಲು ಸ್ವಾತಂತ್ರ್ಯದ ಹೊತ್ತು ಬರಬೇಕಾಯಿತು.

ಮುಂದೆ ಇದೇ ನಾಗರತ್ನಮ್ಮ ತಾವು ಹಾಡಿ ಗಳಿಸಿದ ಹಣದಲ್ಲಿ ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಮಂದಿರ ಕಟ್ಟಿಸಿದರು. ಅಲ್ಲಿನ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. ಮಂದಿರ ಕಟ್ಟಿಸಿದವರಿಗೇ ಅಲ್ಲಿ ಹಾಡುವ ಹಕ್ಕಿಲ್ಲ! ಅವರು ಹೆಣ್ಣುಮಕ್ಕಳನ್ನೇ ಸೇರಿಸಿ ಬೇರೆ ಆರಾಧನೆ ನಡೆಸಿದರು. ಇವತ್ತು ಅವರನ್ನು ನೆನೆಯುವವರು ಹೆಚ್ಚಾಗಿ ತ್ಯಾಗರಾಜರ ಭಕ್ತೆ ಎಂದೇ ನೆನೆಯುತ್ತಾರೆ. ಶೃಂಗಾರ ಕಾವ್ಯ ಅಚ್ಚು ಹಾಕಿಸಿದ ಹೆಂಗಸು ಬದಿಗೆ ಸರಿದಿದ್ದಾರೆ. ಆದರೆ ನಾಗರತ್ನಮ್ಮನವರಿಗೆ ಎರಡೂ ಒಂದೇ ಬದುಕಿನ ಕೆಲಸಗಳು. ಹಳೆಯ ಕಛೇರಿಗಳನ್ನೇ ನೋಡಿ: ಕೀರ್ತನೆ ಮೊದಲು, ಪದ ಜಾವಳಿಗಳು ಕೊನೆಗೆ. ಜಾವಳಿಯಲ್ಲಿ ಇರುವುದು ನಲ್ಲ ನಲ್ಲೆಯರ ಮಾತು. ನಮ್ಮ ಆರ್ಕೆಸ್ಟ್ರಾದ ಒಂಬತ್ತು ಗಂಟೆ ಮತ್ತು ಹನ್ನೆರಡು ಗಂಟೆಗಳು ಶಾಸ್ತ್ರೀಯ ಸಂಗೀತದಲ್ಲೂ ಇದ್ದವು. ಅಲ್ಲಿ ಅದಕ್ಕೆ ಸಂಪ್ರದಾಯ ಎಂಬ ಹೆಸರಿತ್ತು, ಅಷ್ಟೇ.

ಈ ಮಾತನ್ನು ತರಗತಿಯಲ್ಲಿ ಎತ್ತಿದಾಗ ಒಬ್ಬ ವಿದ್ಯಾರ್ಥಿನಿ ಮೈಲಿ ಸೈರಸ್ ಹೆಸರು ಹೇಳಿದಳು. 2006ರಿಂದ 2011ರವರೆಗೆ ಡಿಸ್ನಿ ಚಾನೆಲ್ಲಿನ 'ಹ್ಯಾನಾ ಮೊಂಟಾನಾ'ದಲ್ಲಿ ಅಮೆರಿಕದ ಮನೆಮಗಳಾಗಿದ್ದ ಹುಡುಗಿ. 2013ರಲ್ಲಿ ಎಂಟಿವಿ ಪ್ರಶಸ್ತಿ ಸಮಾರಂಭದಲ್ಲಿ ಅವಳು ಕುಣಿದ ರೀತಿಗೆ ಜಗತ್ತೇ ಹೌಹಾರಿತು. ಆಗ ಅವಳಿಗೆ ಇಪ್ಪತ್ತು ವರ್ಷ. ಜೊತೆಗಿದ್ದ ಗಾಯಕ ರಾಬಿನ್ ಥಿಕ್‌ಗೆ ಮೂವತ್ತಾರು, ಮದುವೆಯಾಗಿತ್ತು. ಬೈಗುಳದ ಬಹುಪಾಲು ಬಿದ್ದದ್ದು ಹುಡುಗಿಗೆ. ಸೂಲಿಬೆಲೆಯ ಬಸ್ ಸ್ಟ್ಯಾಂಡ್ ಹೋಟೆಲಿಗೂ ಅಮೆರಿಕಕ್ಕೂ ಈ ವಿಷಯದಲ್ಲಿ ಹೆಚ್ಚು ದೂರವಿಲ್ಲ.

ಆದರೆ ಇಲ್ಲಿಗೆ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದ ಹಾಗಾಗುತ್ತದೆ. ನನ್ನ ಕಡೆಯವರ ಜೊತೆಗೂ ನನಗೆ ಜಗಳವಿದೆ. ಲಂಗ ಗಿಡ್ಡವಾದಷ್ಟೂ ಸ್ವಾತಂತ್ರ್ಯ ಉದ್ದವಾಯಿತು ಎಂದು ಚಪ್ಪಾಳೆ ಹೊಡೆಯುವ ಗೆಳೆಯರಿದ್ದಾರೆ. ಅವರಿಗೆ ಬ್ರಿಟ್ನಿ ಸ್ಪಿಯರ್ಸ್ ಕಥೆ ಹೇಳಬೇಕು. 'ಮಿಕ್ಕಿ ಮೌಸ್ ಕ್ಲಬ್'ನಲ್ಲಿ ಹಾಡಿಕೊಂಡಿದ್ದ ಮಗು, 1998ರಲ್ಲಿ ಹದಿನಾರರ ವಯಸ್ಸಿಗೆ ಶಾಲಾ ಸಮವಸ್ತ್ರವನ್ನೇ ಮಾದಕ ವೇಷ ಮಾಡಿಕೊಂಡು ಜಗತ್ತಿನ ಮುಂದೆ ಬಂದಳು. ದಿಟ್ಟೆ ಎಂದು ಹೊಗಳಿದವರೂ ಇದ್ದರು. ಅದೇ ಬ್ರಿಟ್ನಿ 2008ರಿಂದ 2021ರವರೆಗೆ ಕೋರ್ಟಿನ ಆದೇಶದಂತೆ ಪೋಷಕತ್ವದಲ್ಲಿದ್ದಳು. ತನ್ನ ದುಡ್ಡು ತಾನು ಖರ್ಚು ಮಾಡುವ ಅಧಿಕಾರ ಅವಳಿಗಿರಲಿಲ್ಲ. ಆ ಹದಿಮೂರು ವರ್ಷಗಳಲ್ಲಿ ಬಹುಕಾಲ ಅವಳು ವೇದಿಕೆಯ ಮೇಲೆ ಕುಣಿಯುತ್ತಿದ್ದಳು, ದುಡಿಯುತ್ತಿದ್ದಳು. ವೇದಿಕೆಯ ಮೇಲೆ ಹುಲಿ, ಕೆಳಗಿಳಿದರೆ ಬೋನು.

ಅಂದರೆ ವೇಷ ನೋಡಿ ಏನನ್ನೂ ಹೇಳಲು ಬರುವುದಿಲ್ಲ. ಮನೆಮಗಳ ವೇಷವನ್ನೂ ಕಂಪನಿಯೇ ಹೊಲಿದಿತ್ತು, ಮಾದಕ ವೇಷವನ್ನೂ ಕಂಪನಿಯೇ ಹೊಲಿದಿತ್ತು. ನಮ್ಮ ಐಟಂ ಸಾಂಗುಗಳೂ ಬಹುಪಾಲು ಹಾಗೆಯೇ. ಗಂಡಸರು ಬರೆದು, ಗಂಡಸರು ರಾಗ ಹಾಕಿ, ಗಂಡಸರ ಕಣ್ಣಿಗೆ ಚಿತ್ರಿಸಿದ ಹಾಡುಗಳು. ಹೆಣ್ಣನ್ನು ತಿಂಡಿಗೋ ಹೆಂಡಕ್ಕೋ ಹೋಲಿಸುವ ಸಾಹಿತ್ಯ ನನಗೂ ಹಿಡಿಸುವುದಿಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಆರು ವರ್ಷದ ಮಕ್ಕಳನ್ನು ಅಂಥ ಹಾಡಿಗೆ ಕುಣಿಸುವುದನ್ನು ನೋಡಿದರೆ ನನಗೂ ಸಂಕಟವಾಗುತ್ತದೆ. ಆದರೆ ಆ ಹಾಡನ್ನು ಆರಿಸಿದವರು ಶಿಕ್ಷಕರು, ಮುಂದೆ ನಿಂತು ಮೊಬೈಲಿನಲ್ಲಿ ಹಿಡಿದವರು ಅಪ್ಪ ಅಮ್ಮ. ಸ್ಟುಡಿಯೊದಲ್ಲಿ ನಿಂತು ಹಾಡಿದ ಗಾಯಕಿ ಆ ಮಕ್ಕಳ ಶಾಲೆಗೆ ಬಂದಿರಲಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಆ ಹಾಡು ಬೇಡ ಎನ್ನಲು ಅವಳಿಗೆ ಸಾಧ್ಯವಿತ್ತೇ? ಬೇಡ ಎಂದಿದ್ದರೆ ಮುಂದಿನ ಕಾರ್ಯಕ್ರಮಕ್ಕೆ ಕರೆಯುತ್ತಿದ್ದರೇ? ಬ್ಯಾನರಿನಲ್ಲಿ ಅವಳ ಹೆಸರಿತ್ತೇ, ಬರೀ ಫೋಟೊ ಇತ್ತೇ? ಒಪ್ಪಿದ ದುಡ್ಡು ಕೊಟ್ಟರೇ? ಹಾಡಿದವರಿಗೂ ರಾಯಧನದಲ್ಲಿ ಪಾಲಿದೆ ಎಂದು 2012ರ ಕೃತಿಸ್ವಾಮ್ಯ ತಿದ್ದುಪಡಿ ಹೇಳುತ್ತದೆ. ಅದು ಯಾರ ಕೈ ಸೇರುತ್ತಿದೆ? ರಾತ್ರಿ ಒಂದು ಗಂಟೆಗೆ ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಮನೆಗೆ ತಲುಪಿಸುವ ಜವಾಬ್ದಾರಿ ಯಾರದು? ಸಂಸ್ಕೃತಿಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ಯಾವ ಸಮಿತಿಯಲ್ಲೂ ಈ ಪ್ರಶ್ನೆಗಳು ಬಂದದ್ದನ್ನು ನಾನು ಕೇಳಿಲ್ಲ.

ರಾಜ್ಯೋತ್ಸವ ಕಳೆದು ಎರಡು ವಾರಕ್ಕೆ ಆ ಹುಡುಗಿ ಹೊಸಕೋಟೆಯ ಬಸ್ಸಿನಲ್ಲಿ ಸಿಕ್ಕಳು. ಅಂದು ನಾಡಗೀತೆಯನ್ನು ಪೆನ್ ಡ್ರೈವ್ ಹಾಕಿ ಕೇಳಿಸಿದ್ದರು, ನಡುವೆ ಒಮ್ಮೆ ನಿಂತೂ ಹೋಗಿತ್ತು. ನಾನು ತಡವರಿಸಿಕೊಂಡು, "ಕಷ್ಟ ಇದ್ದರೆ ನನಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮಾ. ಫೀಸಿಗೇನಾದರೂ..." ಎಂದೆ.

"ಕಷ್ಟ ಏನಿಲ್ಲ ಸರ್" ಎಂದಳು. "ನಂಗೆ ಎರಡೂ ಇಷ್ಟ. ಆ ಹಾಡು ಸುಲಭ ಅಲ್ಲ ಸರ್, ಕುಣೀತಾ ಹಾಡ್ಬೇಕಾದ್ರೆ ಉಸಿರು ಎಲ್ಲಿ ತಗೋಬೇಕು ಅಂತ ಎರಡು ವಾರ ಪ್ರಾಕ್ಟೀಸ್ ಮಾಡಿದ್ದೆ. ಅದನ್ನ ಯಾರೂ ಕೇಳ್ಲೇ ಇಲ್ಲ."

ನಾನೂ ಕೇಳಿರಲಿಲ್ಲ. ನಾನು ಹುಡುಕುತ್ತಿದ್ದದ್ದು ಅವಳನ್ನು ಕ್ಷಮಿಸಲು ಒಂದು ಬಡತನವನ್ನು. ಎಂ.ಕೆ. ಇಂದಿರಾ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1969ರಲ್ಲಿ 'ಗೆಜ್ಜೆ ಪೂಜೆ' ಸಿನಿಮಾ ಮಾಡಿದಾಗ ನಾಡೇ ಅತ್ತಿತು, ಆ ನಾಯಕಿಗೆ ಆ ಬದುಕು ಬೇಡವಾಗಿತ್ತು. ಬೇಡದೆ, ಅಳುತ್ತ ಹೋದವಳಿಗೆ ನಮ್ಮ ಕಣ್ಣೀರು ಧಾರಾಳ. ಇಷ್ಟಪಟ್ಟು, ಕಲಿತು, ನಗುತ್ತ ಹಾಡಿದವಳನ್ನು ಮಾತ್ರ ನಮಗೆ ತಡೆದುಕೊಳ್ಳಲು ಆಗುವುದಿಲ್ಲ. ನಾನು ಮೇಲೆ ಕೇಳಿದ ಪ್ರಶ್ನೆಗಳಿಗೆ ಅವಳ ಉತ್ತರ ಏನೇ ಇರಲಿ, ಉತ್ತರಿಸಬೇಕಾದವಳು ಅವಳು. ನಾವು ಅವಳ ಪರವಾಗಿ ತೀರ್ಪು ಬರೆದುಬಿಟ್ಟಿದ್ದೆವು.

ಈ ಅಕ್ಟೋಬರಿನಲ್ಲಿ ಸಮಿತಿ ಮತ್ತೆ ಸೇರುತ್ತದೆ. ನಾಡಗೀತೆಗೆ ಅವಳ ಹೆಸರನ್ನು ನಾನೇ ಹೇಳುತ್ತೇನೆ. ಬೇಡ ಎಂದವರಿಗೆ 1991ರ ಚೀಟಿಗಳ ಕಥೆಯನ್ನು ಹೆಸರು ಹಿಡಿದು ಹೇಳುತ್ತೇನೆ. ಮುದ್ದೆಯಾದ ಹತ್ತು ರೂಪಾಯಿ ನೋಟು, ಗುಂಡುಪಿನ್ನು, "ಡ್ಯಾನ್ಸ್ ಸಮೇತ" ಎಂದು ಎಳೆದ ಗೆರೆ, ಎಲ್ಲ ನನಗೆ ನೆನಪಿದೆ. ಅದಕ್ಕೂ ಮೊದಲು ಅವಳ ಮನೆಗೆ ಹೋಗಿ ಕೇಳಬೇಕು. ಇಷ್ಟೆಲ್ಲ ಆದ ಮೇಲೆ ನಮ್ಮ ವೇದಿಕೆಗೆ ಬರಲು ಅವಳು ಒಪ್ಪುತ್ತಾಳೋ ಇಲ್ಲವೋ ಗೊತ್ತಿಲ್ಲ. ಒಪ್ಪದಿದ್ದರೆ ಅದಕ್ಕೆ ಕಾರಣ ಅವಳಲ್ಲ ಎಂದು ಸಭೆಯಲ್ಲಿ ಹೇಳುವ ಕೆಲಸವೂ ನನ್ನದೇ.